ಯೋನಿಯ ಯೀಸ್ಟ್ ಸೋಂಕು

ಯೋನಿಯ ಯೀಸ್ಟ್ ಸೋಂಕು (ಯೋನಿಯ ಶಿಲೀಂಧ್ರ ಸೋಂಕು ಅಥವಾ ಕ್ಯಾಂಡಿಡಾ ಸೋಂಕು) ಎಂಬುದು ಕ್ಯಾಂಡಿಡಾ ಕುಲಕ್ಕೆ ಸೇರಿದ ಸೂಕ್ಷ್ಮ ಶಿಲೀಂಧ್ರಗಳು ಯೋನಿಯಲ್ಲಿಯೂ ಅದರ ಹೊರಭಾಗವಾದ ಭಗದಲ್ಲಿಯೂ ಮಿತಿಮೀರಿ ಬೆಳೆಯುವುದರಿಂದ ಉಂಟಾಗುವ ಉರಿಯೂತ. ತೀವ್ರವಾದ ತುರಿಕೆ, ಉರಿ, ಕೆಂಪಾಗುವಿಕೆ ಹಾಗೂ ಒಡೆದ ಮೊಸರಿನಂತಹ ಗಟ್ಟಿಯಾದ ಬಿಳಿ ಸ್ರಾವ ಇದರ ಪ್ರಮುಖ ಲಕ್ಷಣಗಳು. ಪ್ರತಿ ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರು ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ. ಋತುಮತಿಯಾದ ನಂತರದಿಂದ ಮುಟ್ಟು ನಿಲ್ಲುವವರೆಗಿನ ವಯಸ್ಸಿನಲ್ಲಿ ಇದು ಹೆಚ್ಚು. ಇದು ಪ್ರಾಣಾಪಾಯದ ಕಾಯಿಲೆಯಲ್ಲ; ಸರಿಯಾಗಿ ಗುರುತಿಸಿದರೆ ಕೆಲವೇ ದಿನಗಳ ಔಷಧದಿಂದ ಗುಣವಾಗುತ್ತದೆ. ಆದರೆ ಸಂಕೋಚದಿಂದ ಮುಚ್ಚಿಡುವುದು, ಬೇರೆ ಕಾಯಿಲೆಯನ್ನು ಇದೆಂದು ಅಥವಾ ಇದನ್ನೇ ಬೇರೆ ಕಾಯಿಲೆಯೆಂದು ತಿಳಿಯುವುದು ಮತ್ತು ತಪ್ಪು ಔಷಧ ಬಳಸುವುದು ಇವುಗಳಿಂದ ಮಹಿಳೆಯರು ತಿಂಗಳುಗಟ್ಟಲೆ ನರಳುವುದುಂಟು.

ಈ ಲೇಖನವು ರೋಗದ ಸಾಮಾನ್ಯ ಪರಿಚಯದೊಂದಿಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಪರಿಸ್ಥಿತಿಯನ್ನೂ ವಿವರಿಸುತ್ತದೆ.

ಹೆಸರುಗಳು

ಕನ್ನಡದಲ್ಲಿ ಯೋನಿಯಿಂದ ಹೋಗುವ ಎಲ್ಲ ಬಗೆಯ ಸ್ರಾವಕ್ಕೂ 'ಬಿಳಿ ಹೋಗುವುದು', 'ಬಿಳಿಸೆರಗು', 'ಬಿಳಿ ಮುಟ್ಟು' ಎಂಬ ಮಾತುಗಳು ಬಳಕೆಯಲ್ಲಿವೆ. ಆಯುರ್ವೇದ ಗ್ರಂಥಗಳ 'ಶ್ವೇತಪ್ರದರ' ಎಂಬ ಪದವೂ ಪ್ರಚಲಿತವಾಗಿದೆ. ಈ ಹೆಸರುಗಳು ಯಾವುದೇ ಒಂದು ರೋಗವನ್ನು ಸೂಚಿಸುವುದಿಲ್ಲ. ಒಂದು ಲಕ್ಷಣವನ್ನು ಮಾತ್ರ ಹೇಳುತ್ತವೆ. ಸಹಜ ಸ್ರಾವ, ಶಿಲೀಂಧ್ರದ ಸೋಂಕು, ಬ್ಯಾಕ್ಟೀರಿಯಾದ ಸೋಂಕು, ಲೈಂಗಿಕವಾಗಿ ಹರಡುವ ಸೋಂಕು ಇವೆಲ್ಲವೂ ಆಡುಮಾತಿನಲ್ಲಿ ಒಂದೇ ಹೆಸರಿನಡಿ ಬರುವುದರಿಂದ ರೋಗಿಯೂ ಚಿಕಿತ್ಸೆ ನೀಡುವವರೂ ಗೊಂದಲಕ್ಕೆ ಒಳಗಾಗುವ ಸಾಧ್ಯತೆಯಿದೆ. ಆದ್ದರಿಂದ ಬಿಳಿ ಹೋಗುತ್ತದೆ ಎಂದಷ್ಟೇ ಹೇಳದೆ, ತುರಿಕೆ ಇದೆಯೇ, ವಾಸನೆ ಇದೆಯೇ, ಬಣ್ಣ ಯಾವುದು, ಎಷ್ಟು ದಿನಗಳಿಂದ ಎಂಬುದನ್ನು ತಿಳಿಸುವುದು ಮುಖ್ಯ.

ಕಾರಣ

ಈ ಸೋಂಕಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಪ್ರಭೇದ ಕಾರಣ. ಉಳಿದ ಸಂದರ್ಭಗಳಲ್ಲಿ ಕ್ಯಾಂಡಿಡಾ ಗ್ಲಾಬ್ರೇಟಾ, ಕ್ಯಾಂಡಿಡಾ ಟ್ರಾಪಿಕಾಲಿಸ್ ಮೊದಲಾದವು ಕಂಡುಬರುತ್ತವೆ. ಈ ಜೀವಿಗಳು ಹೊರಗಿನಿಂದ ಬಂದ ಶತ್ರುಗಳಲ್ಲ. ಆರೋಗ್ಯವಂತ ಮಹಿಳೆಯರಲ್ಲಿ ಅನೇಕರ ಕರುಳು ಮತ್ತು ಯೋನಿಯಲ್ಲಿ ಇವು ಅಲ್ಪ ಪ್ರಮಾಣದಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುತ್ತವೆ.

ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಇವು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಯೋನಿಯ ಒಳಭಾಗವನ್ನು ಆಮ್ಲೀಯವಾಗಿ (ಪಿಎಚ್ 3.8 ರಿಂದ 4.5) ಇಡುತ್ತವೆ. ಈ ಸಮತೋಲನ ತಪ್ಪಿದಾಗ ಅಥವಾ ಶರೀರದ ಪ್ರತಿಕ್ರಿಯೆ ಬದಲಾದಾಗ ಶಿಲೀಂಧ್ರವು ದುಂಡನೆಯ ಯೀಸ್ಟ್ ರೂಪದಿಂದ ಎಳೆಎಳೆಯಾದ ರೂಪಕ್ಕೆ ತಿರುಗಿ ಯೋನಿಯ ಒಳಪೊರೆಯನ್ನು ಕೆರಳಿಸುತ್ತದೆ. ಸಮತೋಲನ ತಪ್ಪಲು ಮುಖ್ಯ ಕಾರಣಗಳು ಇವು:

- ಬೇರೆ ಕಾಯಿಲೆಗಾಗಿ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಸೇವಿಸುವುದು. ಇವು ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ.
- ಹತೋಟಿಯಲ್ಲಿಲ್ಲದ ಮಧುಮೇಹ (ಸಕ್ಕರೆ ಕಾಯಿಲೆ). ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಕೆಲವು ಹೊಸ ಮಧುಮೇಹ ಮಾತ್ರೆಗಳಿಂದಲೂ ಸೋಂಕಿನ ಸಾಧ್ಯತೆ ಹೆಚ್ಚುತ್ತದೆ.
- ಗರ್ಭಾವಸ್ಥೆ ಮತ್ತು ಈಸ್ಟ್ರೋಜನ್ ಪ್ರಮಾಣ ಹೆಚ್ಚಿರುವ ಇತರ ಸ್ಥಿತಿಗಳು.
- ಸ್ಟೀರಾಯ್ಡ್ ಔಷಧಗಳ ಸೇವನೆ, ಎಚ್ಐವಿ ಸೋಂಕು ಮುಂತಾದವುಗಳಿಂದ ರೋಗನಿರೋಧಕ ಶಕ್ತಿ ಕುಂದುವುದು.
- ಗಾಳಿಯಾಡದ ಬಿಗಿ ಉಡುಪು, ಬೆವರು ಅಥವಾ ನೀರಿನಿಂದ ಒದ್ದೆಯಾದ ಬಟ್ಟೆಯಲ್ಲಿ ದೀರ್ಘಕಾಲ ಇರುವುದು. ಇವು ಸೋಂಕಿಗೆ ಮೂಲ ಕಾರಣಗಳಲ್ಲದಿದ್ದರೂ ತೊಂದರೆಯನ್ನು ಹೆಚ್ಚಿಸುತ್ತವೆ.

ಅನೇಕರಲ್ಲಿ ಇಂತಹ ಯಾವ ಕಾರಣವೂ ಕಾಣಿಸುವುದಿಲ್ಲ. ಇದನ್ನು ಲೈಂಗಿಕವಾಗಿ ಹರಡುವ ರೋಗವೆಂದು ವರ್ಗೀಕರಿಸಿಲ್ಲ. ಅವಿವಾಹಿತ ಯುವತಿಯರಿಗೂ ಇದು ಬರುತ್ತದೆ. ಆದ್ದರಿಂದ ಈ ಸೋಂಕನ್ನು ಹೆಣ್ಣಿನ ನಡತೆಗೆ ತಳಕು ಹಾಕುವುದಕ್ಕೆ ಯಾವ ಆಧಾರವೂ ಇಲ್ಲ. ಅಶುಚಿತ್ವದ ಗುರುತೂ ಇದಲ್ಲ. ಅತಿಯಾಗಿ ಸಾಬೂನು ಹಚ್ಚಿ ತೊಳೆಯುವವರಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಲಕ್ಷಣಗಳು

ತುರಿಕೆ ಈ ಸೋಂಕಿನ ಅತಿ ಮುಖ್ಯ ಲಕ್ಷಣ. ಉತ್ತರ ಕರ್ನಾಟಕದಲ್ಲಿ ಇದನ್ನು ಕಡಿತ ಎನ್ನುವುದುಂಟು. ಇದರ ಜೊತೆಗೆ ಕಾಣಿಸಬಹುದಾದ ಲಕ್ಷಣಗಳು:

- ಭಗದ ಭಾಗ ಕೆಂಪಾಗಿ ಊದಿಕೊಳ್ಳುವುದು. ಚರ್ಮದ ಮಡಿಕೆಗಳಲ್ಲಿ ಸಣ್ಣ ಸೀಳುಗಳಾಗುವುದು.
- ಮೂತ್ರ ಹೊರಬಿದ್ದು ಕೆರಳಿದ ಚರ್ಮಕ್ಕೆ ತಾಗಿದಾಗ ಉರಿ.
- ಬಿಳಿಯ, ಗಟ್ಟಿಯಾದ, ಒಡೆದ ಮೊಸರಿನಂತಹ ಸ್ರಾವ. ಇದಕ್ಕೆ ಸಾಮಾನ್ಯವಾಗಿ ದುರ್ವಾಸನೆ ಇರುವುದಿಲ್ಲ. ಕೆಲವರಲ್ಲಿ ಸ್ರಾವ ನೀರಾಗಿರಬಹುದು ಅಥವಾ ಇಲ್ಲದೆಯೂ ಇರಬಹುದು.
- ಸಂಭೋಗದ ಸಮಯದಲ್ಲಿ ನೋವು.

ಈ ತೊಂದರೆ ಮುಟ್ಟಿಗೆ ಮುಂಚಿನ ವಾರದಲ್ಲಿ ಹೆಚ್ಚಾಗಿ, ಮುಟ್ಟು ಬಂದ ಮೇಲೆ ಕಡಿಮೆಯಾಗುವುದುಂಟು. ಜ್ವರ, ಕಿಬ್ಬೊಟ್ಟೆಯ ನೋವು, ಸೊಂಟನೋವು, ನಿಶ್ಶಕ್ತಿ ಇವು ಈ ಸೋಂಕಿನ ಲಕ್ಷಣಗಳಲ್ಲ. ಅವು ಇದ್ದಲ್ಲಿ ಬೇರೆ ಕಾರಣವನ್ನು ಹುಡುಕಬೇಕಾಗುತ್ತದೆ.

ಇತರ ಸ್ರಾವಗಳಿಂದ ಬೇರ್ಪಡಿಸುವುದು

ಸಹಜ ಸ್ರಾವ: ತಿಳಿಯಾದ ಅಥವಾ ಹಾಲುಬಿಳುಪಿನ, ತುರಿಕೆಯೂ ವಾಸನೆಯೂ ಇಲ್ಲದ ಸ್ರಾವ ಪ್ರತಿಯೊಬ್ಬ ಮಹಿಳೆಗೂ ಇರುತ್ತದೆ. ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಅದು ಮೊಟ್ಟೆಯ ಲೋಳೆಯಂತೆ ಜಿಗುಟಾಗಿರುತ್ತದೆ. ಗರ್ಭಿಣಿಯರಲ್ಲಿ ಪ್ರಮಾಣ ಹೆಚ್ಚಿರುತ್ತದೆ. ಬಿಳಿ ಹೋದರೆ ಶಕ್ತಿ ಕರಗುತ್ತದೆ, ಎಲುಬು ಸವೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಈ ನಂಬಿಕೆಯಿಂದಲೇ ಆರೋಗ್ಯವಂತ ಯುವತಿಯರು ಚಿಂತೆಗೆ ಒಳಗಾಗುತ್ತಾರೆ.

ಬ್ಯಾಕ್ಟೀರಿಯಾದ ಸೋಂಕು: ತೆಳುವಾದ, ಬೂದುಬಿಳುಪಿನ, ಮೀನಿನಂತೆ ವಾಸನೆಯ ಸ್ರಾವ. ತುರಿಕೆ ಕಡಿಮೆ. ಯೋನಿಯ ಪಿಎಚ್ 4.5ಕ್ಕಿಂತ ಹೆಚ್ಚಿರುತ್ತದೆ. ಯೀಸ್ಟ್ ಸೋಂಕಿನಲ್ಲಿ ಪಿಎಚ್ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಟ್ರೈಕೊಮೊನಾಸ್ ಸೋಂಕು: ಹಳದಿ ಅಥವಾ ಹಸಿರು ಮಿಶ್ರಿತ, ಕೆಲವೊಮ್ಮೆ ನೊರೆನೊರೆಯಾದ, ದುರ್ವಾಸನೆಯ ಸ್ರಾವ. ಇದು ಲೈಂಗಿಕವಾಗಿ ಹರಡುವ ಸೋಂಕು. ಪತಿಗೂ ಚಿಕಿತ್ಸೆ ಅಗತ್ಯ.

ಗರ್ಭಕೊರಳಿನ ಕಾಯಿಲೆಗಳು: ಸಂಭೋಗದ ನಂತರ ರಕ್ತ ಕಾಣಿಸುವುದು, ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ರಕ್ತಮಿಶ್ರಿತ ದುರ್ವಾಸನೆಯ ಸ್ರಾವ ಇವು ಇದ್ದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಲಕ್ಷಣಗಳಿಂದ ಮಾತ್ರವೇ ಸ್ವತಃ ನಿರ್ಧರಿಸುವುದು ಎಷ್ಟು ಕಷ್ಟ ಎಂಬುದನ್ನು ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ತಮಗೆ ಯೀಸ್ಟ್ ಸೋಂಕಿದೆ ಎಂದು ತಾವೇ ತೀರ್ಮಾನಿಸಿ ಅಂಗಡಿಯಿಂದ ಔಷಧ ಕೊಂಡಿದ್ದ 95 ಮಹಿಳೆಯರನ್ನು ಪರೀಕ್ಷಿಸಿದಾಗ ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಮಾತ್ರ ಆ ಸೋಂಕು ಇತ್ತು. ಹೀಗಾಗಿ ಮೊದಲ ಬಾರಿ ಲಕ್ಷಣಗಳು ಕಂಡಾಗ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

ರೋಗನಿರ್ಣಯ

ಪರೀಕ್ಷೆ ಸರಳವಾದದ್ದು. ವೈದ್ಯರು ಅಥವಾ ದಾದಿಯರು ಹತ್ತಿಯ ಕಡ್ಡಿಯಿಂದ ಸ್ವಲ್ಪ ಸ್ರಾವವನ್ನು ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದ್ರಾವಣವು ಇತರ ಜೀವಕೋಶಗಳನ್ನು ಕರಗಿಸುವುದರಿಂದ ಶಿಲೀಂಧ್ರದ ಮೊಗ್ಗುಗಳು ಮತ್ತು ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಪದೇ ಪದೇ ಸೋಂಕು ಮರುಕಳಿಸಿದರೆ ಪ್ರಭೇದವನ್ನು ತಿಳಿಯಲು ಪ್ರಯೋಗಾಲಯದಲ್ಲಿ ಕೃಷಿ (ಕಲ್ಚರ್) ಪರೀಕ್ಷೆ ಮಾಡಲಾಗುತ್ತದೆ. ರಕ್ತದ ಸಕ್ಕರೆ ಪರೀಕ್ಷೆಯನ್ನೂ ಮಾಡಿಸುವುದು ರೂಢಿ. ಪದೇ ಪದೇ ಬರುವ ಈ ತುರಿಕೆಯೇ ಮಧುಮೇಹದ ಮೊದಲ ಸೂಚನೆಯಾಗಿರುವುದುಂಟು.

ಮನೆಯಲ್ಲಿ ಉಪಶಮನ

ಕೆಳಗಿನ ಕ್ರಮಗಳು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಆದರೆ ಔಷಧ ಕೆಲಸ ಮಾಡುವವರೆಗೆ ಉರಿ ಮತ್ತು ತುರಿಕೆಯನ್ನು ತಗ್ಗಿಸುತ್ತವೆ.

- ಹೊರಭಾಗವನ್ನು ದಿನಕ್ಕೆ ಒಂದೆರಡು ಬಾರಿ ತಣ್ಣನೆಯ ಅಥವಾ ಉಗುರುಬೆಚ್ಚಗಿನ ಸ್ವಚ್ಛ ನೀರಿನಿಂದ ಮಾತ್ರ ತೊಳೆದು, ಮೃದುವಾದ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಬೇಕು.
- ತುರಿಕೆ ಹೆಚ್ಚಿದ್ದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಹತ್ತಿಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಳ್ಳಬಹುದು. ಮಂಜುಗಡ್ಡೆಯನ್ನು ನೇರವಾಗಿ ಇಡಬಾರದು.
- ಸಡಿಲವಾದ ಹತ್ತಿಯ ಒಳಉಡುಪು ಧರಿಸಬೇಕು. ರಾತ್ರಿ ಒಳಉಡುಪಿಲ್ಲದೆ ಸಡಿಲ ಬಟ್ಟೆಯಲ್ಲಿ ಮಲಗಿದರೆ ಗಾಳಿಯಾಡುತ್ತದೆ.
- ಬೆವರಿನಿಂದ ನೆನೆದ ಬಟ್ಟೆಯನ್ನು ಮನೆಗೆ ಬಂದೊಡನೆ ಬದಲಿಸಬೇಕು.
- ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳಬೇಕು. ಕೆರೆದರೆ ಚರ್ಮ ಸೀಳಿ ಬೇರೆ ಸೋಂಕಿಗೆ ಎಡೆಯಾಗುತ್ತದೆ.
- ಮೂತ್ರ ಮಾಡುವಾಗ ಹೆಚ್ಚು ಉರಿಯಾದರೆ ಆ ಸಮಯದಲ್ಲಿಯೇ ನೀರು ಹಾಕಿಕೊಂಡರೆ ಉರಿ ಕಡಿಮೆಯಾಗುತ್ತದೆ. ಉರಿಯ ಭಯದಿಂದ ನೀರು ಕುಡಿಯುವುದನ್ನು ಬಿಡಬಾರದು.
- ನೋವಿರುವವರೆಗೆ ಸಂಭೋಗವನ್ನು ಮುಂದೂಡುವುದು ಒಳ್ಳೆಯದು.

ಮಾಡಬಾರದ ಉಪಚಾರಗಳು

ಲಿಂಬೆರಸ, ಉಪ್ಪು, ಅಡುಗೆ ಸೋಡಾ, ಬೆಳ್ಳುಳ್ಳಿ, ಸುಣ್ಣದ ತಿಳಿ, ಡೆಟಾಲ್ ಮುಂತಾದ ಕ್ರಿಮಿನಾಶಕ ದ್ರವ ಇವುಗಳನ್ನು ಆ ಭಾಗಕ್ಕೆ ಹಚ್ಚಬಾರದು, ಒಳಗೆ ಸೇರಿಸಬಾರದು. ಇಂಡಿ ಸೀಮೆ ಲಿಂಬೆಗೆ ಹೆಸರಾದ ನಾಡು. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿದೆ. ಲಿಂಬೆಯ ಹುಳಿ ಪಾನಕಕ್ಕೂ ಉಪ್ಪಿನಕಾಯಿಗೂ ಒಳ್ಳೆಯದೇ ಹೊರತು ಕೆರಳಿದ ಚರ್ಮಕ್ಕಲ್ಲ. ಯೋನಿ ತಾನಾಗಿಯೇ ಆಮ್ಲೀಯವಾಗಿರುತ್ತದೆ, ಮತ್ತು ಯೀಸ್ಟ್ ಸೋಂಕು ಆ ಆಮ್ಲೀಯತೆಯಲ್ಲಿಯೇ ಬೆಳೆಯುತ್ತದೆ. ಆದ್ದರಿಂದ ಹುಳಿ ಸೇರಿಸುವುದರಿಂದ ಸುಟ್ಟಗಾಯವಾಗುವುದೇ ಹೊರತು ಪ್ರಯೋಜನವಿಲ್ಲ.

ಯೋನಿಯ ಒಳಭಾಗವನ್ನು ನೀರು ಅಥವಾ ಬೇರೆ ದ್ರವ ಹಾಯಿಸಿ ತೊಳೆಯಬಾರದು. ಅದರಿಂದ ಉಪಕಾರಿ ಬ್ಯಾಕ್ಟೀರಿಯಾಗಳು ನಾಶವಾಗುತ್ತವೆ. ಸುಗಂಧಿತ ಸಾಬೂನು, ಪುಡಿ, ಜಾಹೀರಾತಿನ 'ಆಪ್ತ ಶುಚಿತ್ವ'ದ ದ್ರವಗಳೂ ಅನಗತ್ಯ. ಮೊಸರನ್ನು ಊಟದಲ್ಲಿ ಸೇವಿಸುವುದರಿಂದ ಹಾನಿಯಿಲ್ಲ. ಆದರೆ ಅದನ್ನು ಹಚ್ಚುವುದರಿಂದ ಸೋಂಕು ಗುಣವಾಗುತ್ತದೆ ಎಂಬುದಕ್ಕೆ ದೃಢವಾದ ಆಧಾರವಿಲ್ಲ. 'ಮೈಯಲ್ಲಿ ಉಷ್ಣ ಹೆಚ್ಚಾಗಿದೆ' ಎಂದು ಮಜ್ಜಿಗೆ, ಕಾಮಕಸ್ತೂರಿ ಬೀಜದ ನೀರು ಕುಡಿಯುವ ರೂಢಿಯಿದೆ. ಬೇಸಿಗೆಯಲ್ಲಿ ಅವು ಹಿತಕರ, ಆದರೆ ಔಷಧಕ್ಕೆ ಬದಲಿಯಲ್ಲ.

ಅತ್ಯಂತ ಹೆಚ್ಚು ಹಾನಿ ಮಾಡುವುದು ಸ್ಟೀರಾಯ್ಡ್ ಬೆರೆತ ಮುಲಾಮು. ಔಷಧದ ಅಂಗಡಿಯಲ್ಲಿ 'ಕಡಿತಕ್ಕೆ ಒಂದು ಮುಲಾಮು ಕೊಡಿ' ಎಂದು ಕೇಳಿದರೆ ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮತ್ತು ತೀವ್ರ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಕೊಳವೆ ಕೈಗೆ ಬರುವ ಸಂಭವವಿದೆ. ಹಚ್ಚಿದ ಒಂದೆರಡು ದಿನಗಳಲ್ಲಿ ತುರಿಕೆ ಮಾಯವಾಗುತ್ತದೆ, ಬಿಟ್ಟೊಡನೆ ಇಮ್ಮಡಿಯಾಗಿ ಮರಳುತ್ತದೆ. ದೀರ್ಘಕಾಲ ಬಳಸಿದರೆ ಚರ್ಮ ತೆಳುವಾಗಿ ಸೀಳುತ್ತದೆ. ಇದೇ ಕಾರಣಕ್ಕಾಗಿ ಭಾರತ ಸರ್ಕಾರವು 2018ರಲ್ಲಿ ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕೊಳವೆಯ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಇರುವ ಮುಲಾಮು ಎಂದು ತಿಳಿಯಬೇಕು.

ಔಷಧ ಚಿಕಿತ್ಸೆ

ಸಾಮಾನ್ಯ ಸೋಂಕಿಗೆ ಎರಡು ಬಗೆಯ ಚಿಕಿತ್ಸೆಗಳಿದ್ದು, ಎರಡೂ ಬಹುಮಟ್ಟಿಗೆ ಸಮಾನ ಪರಿಣಾಮಕಾರಿ.

ಯೋನಿಯೊಳಗೆ ಇಡುವ ಔಷಧ: ಕ್ಲೋಟ್ರಿಮಜೋಲ್ ಮಾತ್ರೆ ಅಥವಾ ಮುಲಾಮು. 500 ಮಿಲಿಗ್ರಾಂ ಮಾತ್ರೆಯಾದರೆ ಒಂದೇ ರಾತ್ರಿ, 200 ಮಿಲಿಗ್ರಾಂ ಆದರೆ ಮೂರು ರಾತ್ರಿ, 100 ಮಿಲಿಗ್ರಾಂ ಆದರೆ ಆರು ಅಥವಾ ಏಳು ರಾತ್ರಿ ಮಲಗುವ ಮುನ್ನ ಒಳಗೆ ಇಡಬೇಕು. ಹೊರಭಾಗದ ತುರಿಕೆಗೆ ಶೇ. 1ರ ಕ್ಲೋಟ್ರಿಮಜೋಲ್ ಮುಲಾಮನ್ನು ತೆಳುವಾಗಿ ಹಚ್ಚಬಹುದು. ಇದು ನುಂಗುವ ಮಾತ್ರೆಯಲ್ಲ ಎಂಬುದನ್ನು ಕೊಡುವವರು ಸ್ಪಷ್ಟವಾಗಿ ಹೇಳಬೇಕು. ಎಣ್ಣೆಯಂಶವಿರುವ ಮುಲಾಮುಗಳು ರಬ್ಬರಿನ ನಿರೋಧ್‌ಗಳನ್ನು ದುರ್ಬಲಗೊಳಿಸುತ್ತವೆ.

ನುಂಗುವ ಔಷಧ: ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಬಾರಿ. ತೀವ್ರವಾದ ಸೋಂಕಿನಲ್ಲಿ ವೈದ್ಯರು ಮೂರು ದಿನಗಳ ಅಂತರದಲ್ಲಿ ಎರಡು ಅಥವಾ ಮೂರು ಮಾತ್ರೆಗಳನ್ನು ಕೊಡುತ್ತಾರೆ. ಯಕೃತ್ತಿನ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಹೃದಯದ ಲಯದ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು.

ಎರಡು ಮೂರು ದಿನಗಳಲ್ಲಿ ತುರಿಕೆ ಇಳಿಯತೊಡಗಿ ಒಂದು ವಾರದೊಳಗೆ ಬಹುತೇಕ ಗುಣವಾಗುತ್ತದೆ. ತುರಿಕೆ ನಿಂತಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು. ಪತಿಗೆ ಲಕ್ಷಣಗಳಿಲ್ಲದಿದ್ದರೆ ಚಿಕಿತ್ಸೆಯ ಅಗತ್ಯವಿಲ್ಲ. ಶಿಶ್ನದ ತುದಿಯಲ್ಲಿ ಕೆಂಪಾಗಿ ತುರಿಕೆಯಿದ್ದರೆ ಅವರಿಗೂ ಮುಲಾಮು ಬೇಕಾಗುತ್ತದೆ.

ಗರ್ಭಿಣಿಯರಲ್ಲಿ: ಫ್ಲುಕೊನಜೋಲ್ ಮಾತ್ರೆಯನ್ನು ನುಂಗಬಾರದು. ಕ್ಲೋಟ್ರಿಮಜೋಲ್‌ನಂತಹ ಯೋನಿಯೊಳಗಿನ ಔಷಧವನ್ನು ವೈದ್ಯರ ಸಲಹೆಯಂತೆ ಏಳು ದಿನ ಬಳಸಲಾಗುತ್ತದೆ.

ಮರುಕಳಿಸುವ ಸೋಂಕು: ಒಂದು ವರ್ಷದಲ್ಲಿ ಮೂರು ಅಥವಾ ಹೆಚ್ಚು ಬಾರಿ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. 2018ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13.8 ಕೋಟಿ ಮಹಿಳೆಯರು ಇದರಿಂದ ಬಳಲುತ್ತಾರೆ. ಇದಕ್ಕೆ ಮೊದಲು ಪೂರ್ಣ ಚಿಕಿತ್ಸೆ ನೀಡಿ, ನಂತರ ಆರು ತಿಂಗಳ ಕಾಲ ವಾರಕ್ಕೊಂದು ಫ್ಲುಕೊನಜೋಲ್ ಮಾತ್ರೆ ಕೊಡುವುದು ರೂಢಿ. ಆ ಔಷಧಕ್ಕೆ ಬಗ್ಗದ ಪ್ರಭೇದಗಳಿಗೆ ಬೋರಿಕ್ ಆಮ್ಲದ 600 ಮಿಲಿಗ್ರಾಂ ಯೋನಿ ಗುಳಿಗೆಗಳನ್ನು ತಜ್ಞರು ಕೊಡುತ್ತಾರೆ. ನುಂಗಿದರೆ ಇದು ವಿಷ, ಗರ್ಭಿಣಿಯರಿಗೆ ಸಲ್ಲದು. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿಯನ್ನು ಇದಕ್ಕೆ ಎಂದಿಗೂ ಬಳಸಬಾರದು.

ವಿಜಯಪುರ ಜಿಲ್ಲೆಯಲ್ಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ವಿಜಯಪುರ ಜಿಲ್ಲೆಯ ಹಳೆಯ ತಾಲ್ಲೂಕುಗಳು. ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ಕೊಲ್ಹಾರ, ನಿಡಗುಂದಿ ಎಂಬ ಹೊಸ ತಾಲ್ಲೂಕುಗಳು ರೂಪುಗೊಂಡಿವೆ. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ ನದಿಗಳಿದ್ದರೂ ನಡುವಿನ ಬಹುಭಾಗ ಮಳೆ ಕಡಿಮೆಯಿರುವ ಬಯಲುಸೀಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ.

ಈ ಭಾಗದ ಮಹಿಳೆಯರ ದಿನಚರಿ ಸೋಂಕಿನ ತೊಂದರೆಯನ್ನು ಹೆಚ್ಚಿಸುವಂತಿದೆ. ಜೋಳ, ತೊಗರಿ, ಕಬ್ಬು, ದ್ರಾಕ್ಷಿ, ಲಿಂಬೆ ತೋಟಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವಾಗ ಬೆವರಿನಿಂದ ನೆನೆದ ಸೀರೆ, ಪರಕರಗಳಲ್ಲಿಯೇ ಇರಬೇಕಾಗುತ್ತದೆ. ಹೊಲದಲ್ಲಿ ಮರೆಯಿಲ್ಲದ ಕಾರಣ ಮೂತ್ರ ತಡೆಯುವುದು, ಅದಕ್ಕಾಗಿ ನೀರನ್ನೇ ಕಡಿಮೆ ಕುಡಿಯುವುದು ಸಾಮಾನ್ಯ. ಕಬ್ಬು ಕಟಾವಿಗೆ ಹೋಗುವ ಗುಂಪುಗಳಲ್ಲಿಯೂ, ಗೋವಾ ಮತ್ತು ಮಹಾರಾಷ್ಟ್ರಗಳಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳಲ್ಲಿಯೂ ಸ್ನಾನಕ್ಕೆ, ಬಟ್ಟೆ ಒಗೆಯಲು ನೀರು ಮತ್ತು ಏಕಾಂತ ಎರಡೂ ವಿರಳ. ಬೇಸಿಗೆಯಲ್ಲಿ ಊರಿನಲ್ಲಿಯೂ ಟ್ಯಾಂಕರ್ ನೀರಿಗೆ ಕಾಯುವ ಸ್ಥಿತಿಯಿದೆ.

ಮುಟ್ಟಿನ ದಿನಗಳಲ್ಲಿ ಬಳಸುವ ಬಟ್ಟೆಯನ್ನು ಯಾರಿಗೂ ಕಾಣದಂತೆ ಬೇರೆ ಬಟ್ಟೆಯ ಕೆಳಗೆ ಅಥವಾ ಬಚ್ಚಲಿನ ಮೂಲೆಯಲ್ಲಿ ಒಣಗಿಸುವ ರೂಢಿ ಇನ್ನೂ ಇದೆ. ಒಡಿಶಾದ ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಬಟ್ಟೆಯನ್ನು ಮನೆಯೊಳಗೆ ಒಣಗಿಸುವುದಕ್ಕೂ ಕ್ಯಾಂಡಿಡಾ ಸೋಂಕಿಗೂ ಸಂಬಂಧವಿರುವುದನ್ನು ಕಂಡಿತು. ಬಟ್ಟೆ ಬಳಸುವುದೇ ತಪ್ಪಲ್ಲ; ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿದ ಹತ್ತಿಬಟ್ಟೆ ಸುರಕ್ಷಿತ. ಬಿಸಿಲಿಗೆ ಬರವಿಲ್ಲದ ಈ ಸೀಮೆಯಲ್ಲಿ ಬಿಸಿಲಿಗೆ ಒಡ್ಡಲು ನಾಚಿಕೆಯೊಂದೇ ಅಡ್ಡಿ. ಹದಿಹರೆಯದ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಒದಗಿಸಲು ಕರ್ನಾಟಕ ಸರ್ಕಾರ 2013-14ರಲ್ಲಿ 'ಶುಚಿ' ಯೋಜನೆಯನ್ನು ಆರಂಭಿಸಿತು. ಪ್ಯಾಡನ್ನು ಕೂಡ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು.

ಚಿಕಿತ್ಸೆಯ ಸೌಲಭ್ಯ: ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ, ಹೋಬಳಿ ಮತ್ತು ಹಳ್ಳಿಗಳ ಮಟ್ಟದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಉಪಕೇಂದ್ರಗಳೂ ಇವೆ. ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲದೆ ಅಲ್ ಅಮೀನ್ (1984) ಮತ್ತು ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ (1986) ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 'ಸುರಕ್ಷಾ' ಚಿಕಿತ್ಸಾಲಯಗಳ ಪದ್ಧತಿಯಲ್ಲಿ ಔಷಧಗಳನ್ನು ಬಣ್ಣದ ಪೊಟ್ಟಣಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಯೋನಿಸ್ರಾವಕ್ಕೆ ಮೀಸಲಾದದ್ದು ಎರಡನೆಯ ಸಂಖ್ಯೆಯ ಹಸಿರು ಪೊಟ್ಟಣ. ಅದರಲ್ಲಿ ಫ್ಲುಕೊನಜೋಲ್ 150 ಮಿಲಿಗ್ರಾಂ ಮತ್ತು ಬ್ಯಾಕ್ಟೀರಿಯಾ, ಟ್ರೈಕೊಮೊನಾಸ್‌ಗಳ ವಿರುದ್ಧ ಸೆಕ್ನಿಡಜೋಲ್ 2 ಗ್ರಾಂ ಇರುತ್ತದೆ. ಗರ್ಭಿಣಿಯರು ಗರ್ಭದ ಸಂಗತಿಯನ್ನು ತಿಳಿಸಿ ಬೇರೆ ಔಷಧ ಪಡೆಯಬೇಕು. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ (2014) ನಡೆಯುವ 'ಸ್ನೇಹ' ಕ್ಲಿನಿಕ್‌ಗಳಲ್ಲಿ ಹದಿಹರೆಯದವರು ಗೋಪ್ಯವಾಗಿ ಸಲಹೆ ಪಡೆಯಬಹುದು.

ಸೌಲಭ್ಯಕ್ಕಿಂತ ಸಂಕೋಚ ದೊಡ್ಡ ತಡೆ. ಪುರುಷ ವೈದ್ಯರೆದುರು ಹೇಳಲು ನಾಚಿಕೆ, ಅತ್ತೆ ಅಥವಾ ಗಂಡನ ಜೊತೆ ಇಲ್ಲದೆ ತಾಲ್ಲೂಕಿಗೆ ಹೋಗಲಾಗದ ಸ್ಥಿತಿ, ಒಂದು ದಿನದ ಕೂಲಿ ತಪ್ಪುವ ಚಿಂತೆ ಇವುಗಳಿಂದ ಮಹಿಳೆ ಸುಮ್ಮನಿರುತ್ತಾಳೆ. ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಆರೋಗ್ಯ ಸಹಾಯಕಿಗೆ ಮೊದಲು ಹೇಳುವುದು ಸುಲಭದ ದಾರಿ. ಪರೀಕ್ಷೆಯ ಸಮಯದಲ್ಲಿ ಮಹಿಳಾ ಸಿಬ್ಬಂದಿಯೊಬ್ಬರು ಜೊತೆಯಲ್ಲಿರಬೇಕೆಂದು ಕೇಳುವುದಕ್ಕೆ ಪ್ರತಿಯೊಬ್ಬ ರೋಗಿಗೂ ಅವಕಾಶವಿದೆ.

ಈ ಮೌನ ಒಂದು ಜಿಲ್ಲೆಗೆ ಸೀಮಿತವಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ವೈದ್ಯ ದಂಪತಿಗಳಾದ ರಾಣಿ ಬಂಗ್ ಮತ್ತು ಅಭಯ್ ಬಂಗ್ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 92ರಷ್ಟು ಮಹಿಳೆಯರಿಗೆ ಯಾವುದಾದರೊಂದು ಸ್ತ್ರೀರೋಗ ಅಥವಾ ಲೈಂಗಿಕ ರೋಗವಿದ್ದುದು ಕಂಡುಬಂದಿತು. ಅವರಲ್ಲಿ ಅದಕ್ಕೆ ಮುಂಚೆ ಅಂತಹ ಪರೀಕ್ಷೆಗೆ ಒಳಗಾಗಿದ್ದವರು ಶೇ. 8 ಮಾತ್ರ.

ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ

ಬಿಳಿ ಹೋಗುವುದನ್ನು ತಪ್ಪಾಗಿ ಅರ್ಥೈಸಿದುದರ ಅತ್ಯಂತ ಗಂಭೀರ ಪರಿಣಾಮ ಗರ್ಭಕೋಶವನ್ನೇ ಕಳೆದುಕೊಳ್ಳುವುದು. ಸಿಂದಗಿ ಸೀಮೆಗೆ ಹೊಂದಿಕೊಂಡಿರುವ ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರ, ಅದರಲ್ಲಿಯೂ ಲಂಬಾಣಿ ಮತ್ತು ದಲಿತ ಸಮುದಾಯಗಳವರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರುಗಳ ಮೇಲೆ 2015ರಲ್ಲಿ ರಾಜ್ಯ ಸರ್ಕಾರ ತನಿಖೆ ನಡೆಸಿತು. ಹೊಟ್ಟೆನೋವು, ಸೊಂಟನೋವು, ಬಿಳಿ ಹೋಗುವುದು ಎಂದು ಬಂದ, ನಲವತ್ತು ವರ್ಷವೂ ತುಂಬದ ಮಹಿಳೆಯರು ಅವರಲ್ಲಿ ಅನೇಕರಿದ್ದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಟಾವಿನ ಮಹಿಳೆಯರಲ್ಲಿಯೂ ಇಂತಹ ಶಸ್ತ್ರಚಿಕಿತ್ಸೆಗಳು ಹೆಚ್ಚಾಗಿ ನಡೆದಿರುವುದು 2019ರಲ್ಲಿ ಬೆಳಕಿಗೆ ಬಂದಿತು. ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು.

ಯೀಸ್ಟ್ ಸೋಂಕು ಯೋನಿಯ ಕಾಯಿಲೆಯೇ ಹೊರತು ಗರ್ಭಕೋಶದ ಕಾಯಿಲೆಯಲ್ಲ. ಅದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ; ತೆಗೆದ ಮೇಲೂ ಸೋಂಕು ಬರಬಹುದು. ಈ ಸೋಂಕು ಕ್ಯಾನ್ಸರ್ ಆಗಿ ಪರಿಣಮಿಸುವುದಿಲ್ಲ. ಬಿಳಿ ಹೋಗುವುದೆಂಬ ಒಂದೇ ಕಾರಣಕ್ಕೆ ಯಾರಾದರೂ ಶಸ್ತ್ರಚಿಕಿತ್ಸೆಗೆ ಸೂಚಿಸಿದರೆ, ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಎರಡನೆಯ ಅಭಿಪ್ರಾಯವನ್ನು ಪಡೆಯುವುದು ಅವಶ್ಯ.

ಇತಿಹಾಸ

ಯೋನಿಯ ಶಿಲೀಂಧ್ರ ಸೋಂಕನ್ನು 1849ರಲ್ಲಿ ವಿಲ್ಕಿನ್ಸನ್ ಎಂಬ ವೈದ್ಯರು ಮೊದಲ ಬಾರಿ ವಿವರಿಸಿದರು. 1923ರಲ್ಲಿ ನೆದರ್ಲೆಂಡ್ಸ್‌ನ ಸಸ್ಯಶಾಸ್ತ್ರಜ್ಞೆ ಕ್ರಿಸ್ಟೀನ್ ಬರ್ಕೌಟ್ ಈ ಶಿಲೀಂಧ್ರದ ಕುಲಕ್ಕೆ ಕ್ಯಾಂಡಿಡಾ ಎಂದು ಹೆಸರಿಟ್ಟರು. ಬಿಳುಪು ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ. ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕವನ್ನು ಪಡೆದುದನ್ನು 1950ರಲ್ಲಿ ಪ್ರಕಟಿಸಿದರು. ತಾವು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ರಾಜ್ಯದ ಹೆಸರನ್ನೇ ಅದಕ್ಕೆ ಇಟ್ಟರು. ಕ್ಲೋಟ್ರಿಮಜೋಲ್ ಮತ್ತು ಫ್ಲುಕೊನಜೋಲ್ ಬಳಕೆಗೆ ಬಂದದ್ದು ಆನಂತರದ ದಶಕಗಳಲ್ಲಿ. ಇವೆರಡೂ ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಔಷಧಗಳಿಗೆ ಬಗ್ಗದ ಶಿಲೀಂಧ್ರಗಳು ಹೆಚ್ಚುತ್ತಿರುವುದನ್ನು ಗಮನಿಸಿ ಅದೇ ಸಂಸ್ಥೆ 2022ರಲ್ಲಿ ಆದ್ಯತೆಯ ಶಿಲೀಂಧ್ರಗಳ ಪಟ್ಟಿಯನ್ನು ಹೊರತಂದಿತು. ಕ್ಯಾಂಡಿಡಾ ಆಲ್ಬಿಕನ್ಸ್ ಅದರ ಅತಿ ಗಂಭೀರ ಗುಂಪಿನಲ್ಲಿದೆ. ಅನಗತ್ಯವಾಗಿ, ಅರ್ಧಂಬರ್ಧ ಔಷಧ ಬಳಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ತಡೆಗಟ್ಟುವಿಕೆ

- ವೈದ್ಯರ ಸಲಹೆಯಿಲ್ಲದೆ ನೆಗಡಿ, ಜ್ವರಗಳಿಗೆ ಆ್ಯಂಟಿಬಯೋಟಿಕ್ ಸೇವಿಸದಿರುವುದು.
- ಮಧುಮೇಹವಿದ್ದಲ್ಲಿ ಅದನ್ನು ಹತೋಟಿಯಲ್ಲಿಡುವುದು.
- ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದು.
- ಒಳಉಡುಪನ್ನು ಪ್ರತಿದಿನ ಬದಲಿಸಿ, ಒಗೆದು ಬಿಸಿಲಿನಲ್ಲಿ ಒಣಗಿಸುವುದು. ಇನ್ನೊಬ್ಬರ ಒಳಉಡುಪು, ಟವೆಲ್ ಬಳಸದಿರುವುದು.
- ಹಗಲೆಲ್ಲ ಬಿಗಿಯಾದ ನೈಲಾನ್ ಉಡುಪು, ಲೆಗಿನ್ಸ್ ಧರಿಸದಿರುವುದು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮೊದಲ ಬಾರಿ ಲಕ್ಷಣಗಳು ಕಂಡಾಗ, ಗರ್ಭಿಣಿಯಾಗಿದ್ದಾಗ, ಮಧುಮೇಹ ಅಥವಾ ಎಚ್ಐವಿ ಸೋಂಕು ಇದ್ದಾಗ, ಮುಟ್ಟು ನಿಂತ ವಯಸ್ಸಿನಲ್ಲಿ, ಔಷಧ ಬಳಸಿ ಒಂದು ವಾರವಾದರೂ ಗುಣವಾಗದಿದ್ದಾಗ, ಎರಡು ತಿಂಗಳೊಳಗೆ ಮರಳಿದಾಗ ವೈದ್ಯರನ್ನು ಕಾಣಬೇಕು. ಜ್ವರ, ಕಿಬ್ಬೊಟ್ಟೆ ನೋವು, ದುರ್ವಾಸನೆ, ರಕ್ತಸ್ರಾವ, ಹುಣ್ಣು ಅಥವಾ ನೀರುಗುಳ್ಳೆಗಳಿದ್ದರೆ ತಡಮಾಡಬಾರದು. ಋತುಮತಿಯಾಗದ ಬಾಲಕಿಯರಲ್ಲಿ ಯೀಸ್ಟ್ ಸೋಂಕು ಅಪರೂಪ. ಅವರಲ್ಲಿ ತುರಿಕೆ, ಸ್ರಾವ ಕಂಡುಬಂದರೆ ಜಂತುಹುಳು, ಸಾಬೂನಿನ ಕೆರಳಿಕೆ ಮೊದಲಾದ ಕಾರಣಗಳಿರಬಹುದು; ದೌರ್ಜನ್ಯದ ಸಾಧ್ಯತೆಯನ್ನೂ ಹಿರಿಯರು ಕಡೆಗಣಿಸಬಾರದು. ಮಗುವನ್ನು ಗದರಿಸದೆ, ಅದು ಹೇಳುವುದನ್ನು ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು.